ದಿಬ್ಬ ಇದ್ದ ಜಾಗ

ಗುಳ್ಳೆ, ಇನ್ನೊಂದು ಗುಳ್ಳೆ, ಕಪ್ಪು ನೀರಿನ ಮೇಲೆ ಬಂದು ಒಡೆಯಿತು, ಅಪ್ಪನಿಗೆ ಕಾಣುವುದಿಲ್ಲ, ಕಣ್ಣಿಗೆ ಪೊರೆ, ಸೊಳ್ಳೆಗಳಿಗೆ ಬೈಯುತ್ತ ಕೋಲೂರಿಕೊಂಡು ಬರುತ್ತಿದ್ದಾನೆ, ಬಿರೆತ್, ಇನ್ನೂ ಎಷ್ಟು ದೂರ ಮಾರಾಯ್ತಿ, ನನ್ನನ್ನೂ ಈ ಜವುಗಲ್ಲೇ ಹೂತು ಬರೋ ಯೋಚನೇನಾ, ನಗಬೇಕಾದ ಮಾತು, ಆದರೆ — ತಮ್ಮ ಯೊವ್ನಾ ಮುಳುಗಿದ್ದು ಇಲ್ಲೇ, ಕಳೆದ ಏಪ್ರಿಲ್‌ನಲ್ಲಿ, ಹಿಮದ ಸ್ಕೂಟರ್ ಸಮೇತ, ನಮ್ಮ ಹಿಂಡಿನ ಬಸಿರು ಹಿಮಸಾರಂಗಗಳ ಹಿಂದೆ ಹೊರಟವನು, ದಿಬ್ಬ ಬಲಕ್ಕಿರಲಿ ಮಗಾ, ಅದರ ಬುಡ ಹಿಡಿದೇ ಹೋಗು, ಕೆಳಗೆಲ್ಲ ಗಟ್ಟಿ ಹಿಮ, ಏನೂ ಆಗಲ್ಲ, ಅಂದಿದ್ದ ಅಪ್ಪ, ಕಾಫಿಗೆ ಎಂದಿನಂತೆ ಚೀಸ್ ತುಂಡು ಹಾಕಿಕೊಳ್ಳುತ್ತ. ನಮ್ಮವರು ಜವುಗು ದಾಟುವುದೇ ಹಾಗೆ, ಪಾಚಿದಿಬ್ಬ ನೋಡಿ, ಅದರ ಹೊಟ್ಟೆಯಲ್ಲಿ ಬೇಸಿಗೆಯಲ್ಲೂ ಹಿಮ, ಬಿರುಕಿಗೆ ಕೈ ಹಾಕಿದರೆ ಬೆರಳು ಮರಗಟ್ಟುತ್ತಿತ್ತು, ಅಮ್ಮ ಮೀನು ಇಡುತ್ತಿದ್ದಳು. ಮಣ್ಣು ಮಾಡಿದ ದಿನ ಕೌತೊಕೈನೊ ಊರಿನ ಇಗರ್ಜಿಯಲ್ಲಿ ಎಲ್ಲರೂ ಅತ್ತರು, ಅಪ್ಪ ಅಳಲಿಲ್ಲ, ಕುಡಿದಿದ್ದ ಕತ್ತೆ, ಇಲ್ಲದಿದ್ರೆ ದಿಬ್ಬದ ಪಕ್ಕ ಹೋದವನು ಮುಳುಗ್ತಾನಾ, ಅಂದ, ಇವತ್ತಿಗೂ ಮಗನ ಸಮಾಧಿಗೆ ಹೋಗಿಲ್ಲ.

ಕುಡಿದಿರಲಿಲ್ಲ ಅಪ್ಪ, ಅನ್ನುವ ಬದಲು, ಅಲ್ಲಿ ಕೆಸರು, ಕೋಲು ಈಚೆಗಿಡು ಅನ್ನುತ್ತೇನೆ. ಜೂನ್‌ನಲ್ಲಿ ಇಲ್ಲಿ ಡಬ್ಬಿ ಮಗುಚಿಟ್ಟು ಜವುಗಿನಿಂದ ಏಳುವ ಗಾಳಿಯನ್ನು ಪರೀಕ್ಷೆಗೆಂದು ಹಿಡಿಯುತ್ತಿದ್ದ ಪಟ್ಟಣದ ಹುಡುಗಿ ಹೇಳಿದ್ದಳು, ದಿಬ್ಬ ಕುಸಿದು ನಾಲ್ಕು ವರ್ಷ ಆಯ್ತು, ಚಳಿ ಇರೋವರೆಗೆ ಸಾವಿರಾರು ವರ್ಷದ ಪಾಚಿ ಕೊಳೀದೆ ಕೂತಿತ್ತು, ಇಂಗಾಲವೆಲ್ಲ ಅದರೊಳಗೇ, ಈಗ ಬೇಸಿಗೆ ಉದ್ದ ಆಗಿದೆ, ಮೇಲೆ ಹೊಸ ಪಾಚಿ ಬೆಳೆಯುತ್ತೆ ನಿಜ, ಆದ್ರೆ ಅಡಿಯ ಹಳೇದು ಕೊಳೆತು ಗಾಳಿಯಾಗಿ ಹೋಗ್ತಿದೆ, ಗುಳ್ಳೆ ಏಳೋ ಕಡೆ ಚಳಿಗಾಲದಲ್ಲೂ ಮಂಜುಗಡ್ಡೆ ತೆಳು, ಹುಷಾರು — ಪಾಪ, ಯಾರಿಗೆ ಹೇಳುತ್ತಿದ್ದಾಳೆಂದು ಅವಳಿಗೇನು ಗೊತ್ತು. ನಾವ್ಯಾರೂ ಈ ಕಡೆ ಬರದೆ ಐದಾರು ವರ್ಷವಾಗಿತ್ತು, ಹಿಮ ಮುಚ್ಚಿದ್ದ ಬಯಲಲ್ಲಿ ಯೊವ್ನಾ ದಿಬ್ಬ ಹುಡುಕುತ್ತಲೇ ಬಂದಿರಬೇಕು, ಅಪ್ಪ ಹೇಳಿದ ಜಾಗಕ್ಕೇ. ಹೇಳಿದರೆ ಅಪ್ಪ ಉಳಿಯುವುದಿಲ್ಲ, ಹೇಳದಿದ್ದರೆ ತಮ್ಮ ಕುಡುಕನಾಗಿಯೇ ಮಣ್ಣಲ್ಲಿರಬೇಕು, ಅಯ್ಯೋ, ಯಾರನ್ನು ಉಳಿಸಿಕೊಳ್ಳಲಿ. ಬೆಳಿಗ್ಗೆ ಅಪ್ಪನೇ ಎದ್ದು, ನಡಿಯೇ, ದಿಬ್ಬದ ಹತ್ರ ಕರ್ಕೊಂಡು ಹೋಗು, ಆ ಪೆದ್ದ ಎಲ್ಲಿ ದಾರಿ ತಪ್ಪಿದ ತೋರಿಸ್ತೀನಿ ಅಂದ, ಅವನ ಬೂಟು ಹುಡುಕಿ ಕೊಟ್ಟೆ.

ಬಂತಾ? ಬಂತು ಅಪ್ಪ. ಎಲ್ಲಿ? ಇಲ್ಲೇ. ಕೋಲು ಚಾಚುತ್ತಾನೆ, ಚಳಕ್ ಅನ್ನುತ್ತದೆ, ಆಟ ಆಡ್ಬೇಡ ಕಣೇ, ಇದು ನೀರು — ಅವನ ಕೈ ಹಿಡಿದು ವಾಲಿದ ಕಂಬಕ್ಕೆ ಮುಟ್ಟಿಸುತ್ತೇನೆ, ದಿಬ್ಬದ ನೆತ್ತಿಯಲ್ಲಿ ಅವನೇ ನೆಟ್ಟದ್ದು, ನಮ್ಮವೆಂದು ತಿಳಿಯಲು ಸಾರಂಗಗಳ ಕಿವಿಗೆ ಕೊಯ್ಯುವ ಗುರುತನ್ನು ಚಾಕುವಿನಿಂದ ಕೊರೆದದ್ದು, ಬೆರಳು ಗುರುತಿನ ಮೇಲೆ ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಹೋಗುತ್ತದೆ. ಅವನು ಕುಡಿದಿರಲಿಲ್ಲವೇನೇ? ಇಲ್ಲ ಅಪ್ಪ. ನಾನು ಹೇಳಿದ ಕಡೆಗೇ ಬಂದನಾ? ಅಪ್ಪ ಮಂಡಿಯೂರಿದ, ತೋಳು ನೀರಿಗಿಳಿಸಿದ, ಇರುತ್ತೆ, ಅಡೀಲಿ ಹಿಮ ಇದ್ದೇ ಇರುತ್ತೆ, ನೀನು ಸುಮ್ನಿರು, ಮೊಣಕೈ ಮುಳುಗಿತು, ಸಾಕು ಅಪ್ಪ, ಏಳು, ಏಳುವುದಿಲ್ಲ, ಕೆನ್ನೆ ನೀರಿಗೆ ತಾಗಿದೆ, ಬೆಚ್ಚಗಿದೆ ಕಣೇ ಬಿರೆತ್, ಬೆಚ್ಚಗಿದೆ, ಮತ್ತೆ ತೋಳು ಚಾಚುತ್ತಾನೆ, ಇನ್ನೂ ಕೆಳಗೆ, ಭುಜದವರೆಗೆ ಕಪ್ಪು ನೀರಿನಲ್ಲಿ ಅಪ್ಪನ ತೋಳು, ಹುಡುಕುತ್ತ, ಆ ತೋಳಿನ ಸುತ್ತ ಗುಳ್ಳೆ, ಇನ್ನೊಂದು ಗುಳ್ಳೆ.