ಡಾಜ್ ಗಾಡಿಗೆ ಹಾಕಿದ ಎಣ್ಣೆ

ರಾಜೇಶ್ವರದ ಹತ್ತಿರ ಇಳಿಜಾರಿನಲ್ಲಿ ಕೇಶರಬಾಯಿಯ ಡಾಜ್ ಕಾರು ರಸ್ತೆ ಬಿಟ್ಟು ಜೋಳದ ಕಣಿಕೆಯ ಬಣವೆಯೊಳಗೆ ಮೂತಿ ತೂರಿಸಿ ನಿಂತಾಗ, ಅದರಲ್ಲಿ ಡ್ರೈವರನನ್ನು ಬಿಟ್ಟು ಹನ್ನೊಂದು ಮಂದಿ ಇದ್ದರು. ಯಾರಿಗೂ ಏನೂ ಆಗಲಿಲ್ಲ. ಒಂದು ದೀಪ ಒಡೆಯಿತು, ಬಂಪರು ಸೊಟ್ಟಗಾಯಿತು, ಅಷ್ಟೆ. ಆದರೆ ಕೇಶರಬಾಯಿ ಕೆಳಗಿಳಿದು, ತಲೆಯ ಮೇಲಿನ ಜೋಳದ ರವದಿ ಕೊಡವಿಕೊಳ್ಳುವ ಮೊದಲೇ ಡ್ರೈವರ್ ಏಕನಾಥನನ್ನು ಬೈಯಲು ಶುರುಮಾಡಿದಳು. ಬ್ರೇಕ್ ಹತ್ತಲಿಲ್ಲ, ಪೆಡಲು ನೆಲಕ್ಕೆ ಹೋಯಿತು ಎಂದು ಅವನು ಮೂರು ಸಲ ಹೇಳಿದ. ಅವಳು ಕೇಳಲಿಲ್ಲ. ನೀನು ತೂಕಡಿಸುತ್ತಿದ್ದೆ ಎಂದಳು. ನಿಜ ಹೇಳಬೇಕೆಂದರೆ ಅವಳು ಅದನ್ನು ನೋಡಿರಲೇ ಇಲ್ಲ. ಆ ಹೊತ್ತಿಗೆ ಅವಳು ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕುಳಿತು, ಕೋಳಿಬುಟ್ಟಿ ತಂದಿದ್ದ ಒಬ್ಬ ಮುದುಕನ ಜೊತೆ ಜಗಳವಾಡುತ್ತಿದ್ದಳು.

ಅಲ್ಲೇ ರಸ್ತೆಯ ಮೇಲೆಯೇ ಏಕನಾಥನನ್ನು ಕೆಲಸದಿಂದ ತೆಗೆದಳು. ಅಷ್ಟಕ್ಕೇ ಬಿಡಲಿಲ್ಲ. ಬಸವಕಲ್ಯಾಣದ ಠಾಣೆಯ ಜಮಾದಾರ ಬಂದು ಕೇಳಿದಾಗ, ತಪ್ಪು ಡ್ರೈವರನದು ಎಂದು ಬರೆಸಿ ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕಿದಳು. ಊರಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು, ಸಹಿ ಹಾಕುವುದೆಂದರೆ ಅವಳಿಗೆ ಹೆಮ್ಮೆ.

ಇದು ೧೯೬೩ರ ದಸರೆ ಮುಗಿದ ಮೇಲಿನ ಮಾತು. ಆ ಹಸಿರು ಡಾಜ್ ಅಮೆರಿಕದ್ದು, ೧೯೪೭ರ ಮಾಡಲು. ಕೇಶರಬಾಯಿಯ ಗಂಡ ಕಾಶಿರಾಮ ಅದನ್ನು ಹೈದರಾಬಾದಿನಿಂದ ತಂದು ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ಬಾಡಿಗೆಗೆ ಓಡಿಸಿದ್ದ. ಅವನು ತೀರಿಕೊಂಡ ಮೇಲೆ ಪರ್ಮಿಟ್ಟು ಇವಳ ಹೆಸರಿಗೆ ಬಂತು. ಹೆಂಗಸು ಕಾರು ನಡೆಸುತ್ತಾಳಂತೆ ಎಂದು ನಕ್ಕವರೆಲ್ಲ ಆರು ತಿಂಗಳಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಅವಳಿಗೆ ಓಡಿಸಲು ಬರುತ್ತಿರಲಿಲ್ಲ. ಆದರೆ ದಿನವೂ ಮುಂದಿನ ಸೀಟಿನಲ್ಲಿ ಕುಳಿತು ಹೋಗುತ್ತಿದ್ದಳು, ದಿನವೂ ತಾನೇ ಗಾಡಿ ಒರೆಸುತ್ತಿದ್ದಳು.

ಬಣವೆಗೆ ಹೊಡೆದ ಎಂಟನೆಯ ದಿನ ಕಾಗದ ಬಂತು. ಬರುವ ಸೋಮವಾರ ಮೋಟರ್ ಇನ್ಸ್‌ಪೆಕ್ಟರ್ ಸಾಹೇಬರು ಹುಮನಾಬಾದಿನ ಪ್ರವಾಸಿ ಬಂಗಲೆಗೆ ಬರುತ್ತಾರೆ, ಗಾಡಿಯನ್ನು ಅಲ್ಲಿ ಹಾಜರು ಮಾಡಬೇಕು, ಬ್ರೇಕ್ ಪರೀಕ್ಷೆಯಲ್ಲಿ ನಪಾಸಾದರೆ ಪರ್ಮಿಟ್ಟು ರದ್ದು. ಐದು ದಿನ ಉಳಿದಿತ್ತು. ಕೇಶರಬಾಯಿ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿ, ನಾಲ್ಕು ಎತ್ತು ಹೂಡಿಸಿ, ಡಾಜನ್ನು ಲಾಲ್ ಅಹ್ಮದನ ಅಂಗಳಕ್ಕೆ ಎಳೆಸಿದಳು.

ಲಾಲ್ ಅಹ್ಮದ್ ಬಸವಕಲ್ಯಾಣದಲ್ಲಿದ್ದ ಒಬ್ಬನೇ ಒಳ್ಳೆಯ ಮಿಸ್ತ್ರಿ. ಕಾಶಿರಾಮನ ಕಾಲದಿಂದಲೂ ಈ ಗಾಡಿಯ ನಟ್ಟುಬೋಲ್ಟೆಲ್ಲ ಅವನಿಗೆ ಗೊತ್ತು. ಜಾಕು ಹಚ್ಚಿ ಮುಂದಿನ ಚಕ್ರ ಬಿಚ್ಚಿದ, ಡ್ರಮ್ಮು ಎಳೆದ. ಒಳಗೆ ನೋಡಿ ಸಿಳ್ಳೆ ಹೊಡೆದ.

ಡಾಜಿನ ಮುಂದಿನ ಒಂದೊಂದು ಚಕ್ರಕ್ಕೂ ಎರಡೆರಡು ಸಣ್ಣ ಸಿಲಿಂಡರು. ಪೆಡಲು ಒತ್ತಿದರೆ ಎಣ್ಣೆ ಕೊಳವೆಯಲ್ಲಿ ಓಡಿಬಂದು, ಅವುಗಳೊಳಗಿನ ರಬ್ಬರ್ ಬಟ್ಟಲುಗಳನ್ನು ತಳ್ಳಿ, ಲೈನಿಂಗು ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲುವಂತೆ ಮಾಡಬೇಕು. ಆ ಬಟ್ಟಲುಗಳು ಈಗ ಪುರಿಯಂತೆ ಉಬ್ಬಿದ್ದವು. ಒಂದರ ಅಂಚು ಮಗುಚಿ ಹರಿದಿತ್ತು. ಲಾಲ್ ಅಹ್ಮದ್ ಒಂದು ಬಸಿಯಲ್ಲಿ ಒಳಗಿನ ಎಣ್ಣೆ ಸುರಿದು ಬೆರಳಿಂದ ತಿಕ್ಕಿದ. ಅಂಟಂಟು. ಡಬ್ಬಿಯ ಬ್ರೇಕ್ ಎಣ್ಣೆ ಆಗ ಸುಲಭಕ್ಕೆ ಸಿಗುತ್ತಿರಲಿಲ್ಲವಾದ್ದರಿಂದ ಅವನೇ ಔಡಲೆಣ್ಣೆಗೆ ಸ್ಪಿರಿಟ್ ಬೆರೆಸಿ ಬಾಟಲಿ ತುಂಬಿ ಕೊಡುತ್ತಿದ್ದ. ಔಡಲೆಣ್ಣೆಯಿಂದ ರಬ್ಬರಿಗೆ ಏನೂ ಆಗುವುದಿಲ್ಲ, ಬೇರೆ ಎಣ್ಣೆಗೆ ಅದು ಉಬ್ಬಿ ಕೆಡುತ್ತದೆ.

"ಅಕ್ಕಾ, ಇದು ನಾ ಕೊಟ್ಟ ಎಣ್ಣಿ ಅಲ್ಲ. ಮೂಸಿ ನೋಡ್ರಿ."

ಅವಳು ಬಗ್ಗಿ ಮೂಸಿದಳು. ಒಂದೇ ಉಸಿರಿಗೆ ತಿಳಿಯಿತು. ದಿನವೂ ಒಗ್ಗರಣೆ ಹಾಕುವ ಕುಸಬಿ ಎಣ್ಣೆ.

ದಸರೆಯ ದಿನ ಗಾಡಿ ತೊಳೆದು, ಡ್ರೈವರನ ಕಾಲ ಬಳಿಯ ಚಾಪೆ ಎತ್ತಿ, ಅದರಡಿಯ ಬ್ರೇಕ್ ಎಣ್ಣೆಯ ಮುಚ್ಚಳ ತೆಗೆದು ನೋಡಿದಾಗ ಎಣ್ಣೆ ಕಡಿಮೆಯಾಗಿತ್ತು. ಲಾಲ್ ಅಹ್ಮದ್ ಬೀದರಿಗೆ ಹೋಗಿದ್ದ, ಅವನು ಕೊಟ್ಟ ಬಾಟಲಿ ಖಾಲಿ. ಹಬ್ಬದ ದಿನ ಗಾಡಿಯನ್ನು ಹಸಿದ ಹೊಟ್ಟೆಯಲ್ಲಿ ನಿಲ್ಲಿಸಬಾರದು ಎಂದುಕೊಂಡು ಅಡುಗೆಮನೆಯಿಂದ ಗಿಂಡಿ ತಂದು ಅವಳೇ ಕಂಠಮಟ್ಟ ತುಂಬಿದ್ದಳು. ಅದೂ ಎಣ್ಣೆ, ಇದೂ ಎಣ್ಣೆ ಎಂದೇ ಅವಳ ಲೆಕ್ಕ. ಏಕನಾಥ ಅವತ್ತು ತನ್ನೂರು ಮುಡಬಿಯಲ್ಲಿದ್ದ. ಅವನಿಗೆ ಇದು ಗೊತ್ತೇ ಇರಲಿಲ್ಲ.

ಲಾಲ್ ಅಹ್ಮದ್ ಏಕನಾಥನೇ ಹಾಕಿರಬೇಕೆಂದು ತಿಳಿದು ಅವನ ಮನೆತನವನ್ನೆಲ್ಲ ಜಾಲಾಡಿಸಿ ಬೈದ. ಕೇಶರಬಾಯಿ ಸುಮ್ಮನಿದ್ದಳು. ಅವಳು ಸುಮ್ಮನಿದ್ದದ್ದು ನೋಡಿ ಲಾಲ್ ಅಹ್ಮದನಿಗೇ ಗಾಬರಿಯಾಗಿ, ಜ್ವರ ಗಿರ ಬಂದಿದೆಯೇ ಎಂದು ಕೇಳಿದ.

ಮರುದಿನ ಅವನು ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಹೋದ. ಡಾಜಿನ ಬಟ್ಟಲು ಅಲ್ಲಿಯೂ ಇರಲಿಲ್ಲ, ವಿಲಾಯತಿ ಸಾಮಾನು ಬರುವುದೇ ನಿಂತುಹೋಗಿದೆ ಎಂದರಂತೆ. ಇನ್ನೊಬ್ಬನಾಗಿದ್ದರೆ ಕೈ ಝಾಡಿಸಿ ವಾಪಸ್ಸು ಬರುತ್ತಿದ್ದ. ಲಾಲ್ ಅಹ್ಮದ್ ಗುಜರಿ ಅಂಗಡಿಗಳಿಗೆ ನುಗ್ಗಿ, ಮುರಿದುಬಿದ್ದ ಫಾರ್ಗೋ ಲಾರಿಯೊಂದರ ಚಕ್ರದ ಸಿಲಿಂಡರುಗಳನ್ನೇ ಬಿಚ್ಚಿಸಿಕೊಂಡು, ಅವುಗಳಿಗೆ ಹೊಸ ರಬ್ಬರು, ಲಾರಿಯ ದಪ್ಪ ಲೈನಿಂಗು, ಎರಡು ಡಬ್ಬಿ ನಿಜವಾದ ಬ್ರೇಕ್ ಎಣ್ಣೆ, ಎಲ್ಲವನ್ನೂ ಗೋಣಿಚೀಲದಲ್ಲಿ ತುಂಬಿಕೊಂಡು ಬಂದ. ಬಂದವನ ಕಣ್ಣು ಹೊಳೆಯುತ್ತಿದ್ದವು.

"ಹಳೇ ಬ್ರೇಕ್ ಮರತುಬಿಡ್ರಿ ಅಕ್ಕಾ. ಆರು ಟನ್ ನಿಲ್ಲಸೂ ಸಾಮಾನ ಇದು. ನಿಮ್ಮ ಗಾಡಿ ಇದಕ್ಕ ಮೇಕಿಮರಿ ಇದ್ದಂಗ."

ಎರಡು ದಿನ ಅಂಗಳದಲ್ಲಿ ಜಾತ್ರೆಯೇ ನಡೆಯಿತು. ಸಿಲಿಂಡರು ಕೂರಿಸಲು ಚಕ್ರದ ಹಿಂದಿನ ತಟ್ಟೆಯ ತೂತುಗಳನ್ನು ದೊಡ್ಡದು ಮಾಡಬೇಕಾಯಿತು. ಲೈನಿಂಗನ್ನು ರಿವೆಟ್ ಹೊಡೆದು ಕೂಡಿಸಿ, ಡ್ರಮ್ಮಿನೊಳಗೆ ಹಿಡಿಸುವವರೆಗೆ ಅರದಿಂದ ಉಜ್ಜಬೇಕಾಯಿತು. ಕೊಳವೆಗಳನ್ನೆಲ್ಲ ಸ್ಪಿರಿಟ್ಟಿನಲ್ಲಿ ತೊಳೆದರು. ಕೇಶರಬಾಯಿ ಸೀರೆ ಎತ್ತಿಕಟ್ಟಿ ಲೈನಿಂಗು ಉಜ್ಜಿದಳು, ಅಂಗೈ ಬೊಬ್ಬೆ ಬಂದರೂ ಬಿಡಲಿಲ್ಲ. ಕೊನೆಗೆ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವ ಕೆಲಸ. ಅವಳು ಡ್ರೈವರನ ಸೀಟಿನಲ್ಲಿ ಕುಳಿತು ಪೆಡಲು ಒತ್ತಬೇಕು, ಲಾಲ್ ಅಹ್ಮದ್ ಗಾಡಿಯ ಕೆಳಗೆ ಮಲಗಿ ಸ್ಕ್ರೂ ಸಡಿಲಿಸಬೇಕು. ಒತ್ತು ಎಂದರೆ ಒತ್ತಬೇಕು, ಹಿಡಿ ಎಂದರೆ ಹಿಡಿಯಬೇಕು, ಬಿಡು ಎಂದರೆ ಬಿಡಬೇಕು. ಬಾಟಲಿಯಲ್ಲಿ ಗುಳುಗುಳು ಎಂದು ಗುಳ್ಳೆಗಳು ಏಳುತ್ತಿದ್ದವು. ಮೊದಮೊದಲು ಪೆಡಲು ಹಿಟ್ಟಿನಲ್ಲಿ ಕಾಲಿಟ್ಟಂತೆ ಮೆತ್ತಗಿತ್ತು. ಒಂದು ತಾಸಿನ ಮೇಲೆ, ಕಲ್ಲಿಗೆ ಕಾಲು ಕೊಟ್ಟಂತೆ ಗಟ್ಟಿಯಾಗಿ ನಿಂತಿತು. ಮತ್ತೊಮ್ಮೆ ಒತ್ತಿದಳು, ಮತ್ತೂ ಒಮ್ಮೆ ಒತ್ತಿದಳು. ಸಾಕು ಬಿಡ್ರಿ ಎಂದು ಕೆಳಗಿನಿಂದ ಲಾಲ್ ಅಹ್ಮದ್ ಕೂಗಿದ.

ಬ್ರೇಕ್ ಆಯಿತು, ಓಡಿಸುವವರು ಯಾರು? ಲಾಲ್ ಅಹ್ಮದನಿಗೆ ಲೈಸೆನ್ಸ್ ಇಲ್ಲ. ಊರಲ್ಲಿ ಉಳಿದ ಡ್ರೈವರುಗಳು ಲಾರಿಯವರು, ಸ್ಟೇರಿಂಗಿಗೆ ಅಂಟಿಕೊಂಡ ಗೇರು ಕಂಡರೆ ತಬ್ಬಿಬ್ಬಾಗುತ್ತಾರೆ. ಭಾನುವಾರ ಬೆಳಿಗ್ಗೆ ಕೇಶರಬಾಯಿ ಮುಡಬಿಗೆ ಹೋದಳು. ಏಕನಾಥ ಹೊಲದಲ್ಲಿ ಬಾವಿಯ ಕಟ್ಟೆ ಕಟ್ಟುವ ಕೆಲಸಕ್ಕೆ ಕಲ್ಲು ಹೊರುತ್ತಿದ್ದ. ಅವಳನ್ನು ಕಂಡು ಕಲ್ಲು ಕೆಳಗಿಟ್ಟ, ಆದರೆ ನಮಸ್ಕಾರ ಹೇಳಲಿಲ್ಲ. ಕಾಶಿರಾಮನನ್ನು ಅಣ್ಣ ಎನ್ನುತ್ತಿದ್ದವನು ಇವಳನ್ನು ಯಾವಾಗಲೂ ಅತ್ತಿಗೆ ಎಂಬರ್ಥದಲ್ಲಿ ವೈನಿ ಎನ್ನುತ್ತಿದ್ದ.

"ನಾಳೆ ಹುಮನಾಬಾದಿಗೆ ಗಾಡಿ ಒಯ್ಯಬೇಕು," ಎಂದಳು. "ನೀ ಬರಬೇಕು."

"ತೂಕಡಿಸೂ ಡ್ರೈವರ್ ಯಾಕ ಬೇಕ್ರಿ ವೈನಿ ನಿಮಗ?"

ಅವಳು ಬೈಗುಳ ನುಂಗಿಕೊಂಡಳು. ಬ್ರೇಕಿನ ರಬ್ಬರು ಕೆಟ್ಟಿತ್ತು, ಈಗ ಹೊಸದು ಹಾಕಿದೆ ಎಂದಳು. ರಬ್ಬರು ಹೇಗೆ ಕೆಟ್ಟಿತು ಎಂದು ಅವನು ಕೇಳಿದ. ಕೆಟ್ಟಿತ್ತು ಅಂದರೆ ಕೆಟ್ಟಿತ್ತು ಎಂದು ಅವಳು ಮುಖ ತಿರುಗಿಸಿದಳು. ಏಕನಾಥ ಬಹಳ ಹೊತ್ತು ಕೈಯ ಮಣ್ಣು ಉಜ್ಜಿಕೊಂಡ. ಅಣ್ಣ ತಂದ ಗಾಡಿ ಗುಜರಿಗೆ ಹೋಗಬಾರದು, ಅದಕ್ಕೆ ಬರುತ್ತೇನೆ ಎಂದ.

ಸೋಮವಾರ ಹುಮನಾಬಾದಿನ ಬಂಗಲೆಯ ಮುಂದೆ ಸಂತೆಯಷ್ಟು ಜನ. ಹೈದರಾಬಾದ್ ರಸ್ತೆಯ ಮೇಲೆ ಒಂದಕ್ಕೊಂದು ಎಂಟು ಮಾರು ದೂರದಲ್ಲಿ ಎರಡು ಸುಣ್ಣದ ಗೆರೆ ಎಳೆದಿದ್ದರು. ಮೂವತ್ತು ಮೈಲಿಯ ವೇಗದಲ್ಲಿ ಬಂದು, ಮೊದಲ ಗೆರೆಯಲ್ಲಿ ಬ್ರೇಕ್ ಹೊಡೆದು, ಎರಡನೆಯ ಗೆರೆ ದಾಟದಂತೆ ನಿಲ್ಲಿಸಬೇಕು. ಇವರಿಗಿಂತ ಮೊದಲು ಬಂದ ಒಂದು ಜೀಪು ಗೆರೆ ದಾಟಿಹೋಯಿತು. ಜೀಪಿನವನು ಮುಖ ಇಳಿಬಿಟ್ಟುಕೊಂಡು ಬದಿಗೆ ನಿಂತ.

ಇನ್ಸ್‌ಪೆಕ್ಟರ್ ಸಾಹೇಬರು ತೆಳ್ಳಗಿನ, ಅವಸರದ ಮನುಷ್ಯ. ಠಾಣೆಯ ವರದಿ ಓದಿ, ಕನ್ನಡಕದ ಮೇಲಿಂದ ಏಕನಾಥನನ್ನು ನೋಡಿದರು. ಇದರಲ್ಲಿ ಗಾಡಿಯ ದೋಷವಿಲ್ಲ, ಡ್ರೈವರನ ತಪ್ಪು ಎಂದಿದೆ, ಹಾಗಾದರೆ ಖಾಲಿ ಗಾಡಿಯನ್ನು ಒಂದು ಸಲ ನಿಲ್ಲಿಸಿ ತೋರಿಸಿದರೆ ಸಾಕು ಎಂದರು. ಆಮೇಲೆ ಏಕನಾಥನ ಲೈಸೆನ್ಸ್ ಕೇಳಿ ತೆಗೆದುಕೊಂಡು, ಇದು ನನ್ನ ಹತ್ತಿರವೇ ಇರಲಿ, ಮುಂದಿನದು ಆಮೇಲೆ ನೋಡೋಣ ಎಂದು ಫೈಲಿನೊಳಗೆ ಇಟ್ಟರು. ಏಕನಾಥನ ಮುಖ ಬೂದಿಯಾಯಿತು. ಪರೀಕ್ಷೆಗಷ್ಟೇ ಅವನು ಓಡಿಸಬಹುದಂತೆ.

ಕೇಶರಬಾಯಿಗೆ ಎಲ್ಲ ಸರಿಯಾಗಿತ್ತು. ಸುಮ್ಮನೆ ನಿಂತರೆ ಗಾಡಿ ಪಾಸು. ಅವಳು ಸುಮ್ಮನೆ ನಿಂತಿದ್ದಳು ಕೂಡ. ಆದರೆ ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುತ್ತಾ, ಕುಡಿದಿದ್ದೆಯೇನೋ ಎಂದು ಏಕನಾಥನನ್ನು ಕೇಳಿಬಿಟ್ಟರು.

ಅವಳ ಸಿಟ್ಟು ಒಲೆಯ ಮೇಲಿನ ಹಾಲಿನಂತೆ ಉಕ್ಕಿತು.

"ಅಂವ ಕುಡಿಯಂಗಿಲ್ಲ. ಅವರಪ್ಪನೂ ಕುಡಿದಿಲ್ಲ. ಬ್ರೇಕಿಗೆ ಕುಸಬಿ ಎಣ್ಣಿ ಹಾಕಿದಾಕಿ ನಾನು. ದಸರಾ ದಿನ, ನನ್ನ ಕೈಯಾರೆ. ಅದರಾಗ ನಾ ಬರೆಸಿದ್ದೆಲ್ಲಾ ಸುಳ್ಳು."

ಲಾಲ್ ಅಹ್ಮದ್ ಹಣೆಗೆ ಕೈ ಹಚ್ಚಿಕೊಂಡ. ಏಕನಾಥ ಅವಳನ್ನು ದಿಟ್ಟಿಸಿ ನೋಡುತ್ತಲೇ ನಿಂತ.

ಸಾಹೇಬರು ಪೆನ್ನು ಮುಚ್ಚಿದರು. ಬ್ರೇಕೇ ಹೋಗಿತ್ತು ಎಂದಮೇಲೆ ಖಾಲಿ ಗಾಡಿಯ ಪರೀಕ್ಷೆ ನಡೆಯುವುದಿಲ್ಲ, ಅವತ್ತು ಎಷ್ಟು ಭಾರವಿತ್ತೋ ಅಷ್ಟೇ ಭಾರದಲ್ಲಿ ನಿಲ್ಲಿಸಿ ತೋರಿಸಬೇಕು, ಇಲ್ಲದಿದ್ದರೆ ಪರ್ಮಿಟ್ಟು ಇಲ್ಲಿಯೇ ರದ್ದು ಎಂದರು. ಎಷ್ಟು ಜನ ಇದ್ದರು ಎಂದು ಕೇಳಿದರು.

"ಹನ್ನೊಂದು ಮಂದಿ."

"ಪರ್ಮಿಟ್ಟಿನೊಳಗ ಆರು ಅದ."

"ಆರೇ ಅದರಿ. ಹನ್ನೊಂದು ಇದ್ರು."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ನಗು ಹಬ್ಬಿತು. ಸಾಹೇಬರ ಮೀಸೆಯೂ ಒಮ್ಮೆ ಅಲುಗಿತು, ಆದರೆ ಅದನ್ನೂ ಬರೆದುಕೊಂಡರು.

ಮುಂದಿನದು ಹಬ್ಬ. ಹತ್ತಿ ಅಡತಿಯ ದೇವಿಂದ್ರಪ್ಪ ಮೊದಲು ಹತ್ತಿದ, ಅವನೊಬ್ಬನೇ ಇಬ್ಬರ ತೂಕ. ಬೇಮಳಖೇಡದಿಂದ ಸಂತೆಗೆ ಬಂದ ಮೂವರು ರೈತರು ನುಗ್ಗಿದರು. ನಪಾಸಾದ ಜೀಪಿನವನೂ ಬಂದು ಬಾಗಿಲಿಗೆ ಜೋತುಬಿದ್ದ. ಲಾಲ್ ಅಹ್ಮದ್ ತಾನೂ ಏರಿ, ಸತ್ತರೆ ನನ್ನ ಬ್ರೇಕಿನಲ್ಲೇ ಸಾಯುತ್ತೇನೆ ಎಂದ. ಹನ್ನೊಂದು ತುಂಬುವವರೆಗೆ ಇನ್ನೂ ಕೆಲವರು ತೂರಿಕೊಂಡರು. ಮುಂದಿನ ಸೀಟಿನಲ್ಲಿ ಸಾಹೇಬರು ಕುಳಿತರು. ಕೇಶರಬಾಯಿಗೆ ಹಿಂದೆ, ದೇವಿಂದ್ರಪ್ಪನ ತೋಳಿನ ಕೆಳಗೆ ಜಾಗ ಸಿಕ್ಕಿತು. ಅವಳಿಗೆ ರಸ್ತೆ ಕಾಣುತ್ತಿರಲಿಲ್ಲ. ಎರಡು ಸೀಟಿನ ಸಂದಿಯಲ್ಲಿ ಏಕನಾಥನ ಬಲಗಾಲು ಮಾತ್ರ ಕಾಣುತ್ತಿತ್ತು.

ಗಾಡಿ ಅರ್ಧ ಮೈಲಿ ಹಿಂದೆ ಹೋಗಿ ತಿರುಗಿತು. ಮೊದಲ ಗೇರು, ಎರಡನೆಯದು, ಮೂರನೆಯದು. ಡಾಜ್ ಗುಡುಗತೊಡಗಿತು. ಬೇವಿನ ಮರಗಳು ಹಿಂದಕ್ಕೆ ಓಡಿದವು, ರೈತನೊಬ್ಬನ ರುಮಾಲು ಹಾರಿಹೋಯಿತು. ಇಪ್ಪತ್ತು, ಇಪ್ಪತ್ತೈದು ಎಂದು ಸಾಹೇಬರು ಮುಳ್ಳು ನೋಡಿ ಗಟ್ಟಿಯಾಗಿ ಹೇಳುತ್ತಿದ್ದರು. ಮೂವತ್ತು ಎಂದರು. ಕೇಶರಬಾಯಿ ಆ ಕಾಲಿನ ಮೇಲಿನಿಂದ ಕಣ್ಣು ಕೀಳಲಿಲ್ಲ.

ಕಾಲು ಎದ್ದಿತು. ಒತ್ತಿತು.

ಡಾಜ್ ಮೂತಿ ಬಗ್ಗಿಸಿ ರಸ್ತೆಗೆ ಹಲ್ಲು ಊರಿತು. ಹಿಂದಿದ್ದವರೆಲ್ಲ ಒಂದೇ ರಾಶಿಯಾಗಿ ಮುಂದಕ್ಕೆ ಬಿದ್ದರು. ದೇವಿಂದ್ರಪ್ಪನ ಹೊಟ್ಟೆ ಕೇಶರಬಾಯಿಯನ್ನು ಮುಂದಿನ ಸೀಟಿನ ಬೆನ್ನಿಗೆ ಒತ್ತಿತು, ಸಾಹೇಬರ ಕನ್ನಡಕ ಮುಂದಿನ ಗಾಜಿಗೆ ಹೋಗಿ ಬಡಿಯಿತು. ಟೈರು ಕಿರುಚಿ, ನಿಂತಿತು. ಹಿಂದಿನಿಂದ ಧೂಳು ಬಂದು ಗಾಡಿಯನ್ನು ದಾಟಿ ಮುಂದೆ ಹೋಯಿತು.

ಮೊದಲು ಇಳಿದವಳು ಅವಳೇ. ಜನರ ಕಾಲು ತುಳಿದು, ಬಾಗಿಲು ತಳ್ಳಿ, ಓಡಿ ಮುಂದೆ ಹೋಗಿ ನೋಡಿದಳು. ಮುಂದಿನ ಟೈರಿಗೂ ಎರಡನೆಯ ಗೆರೆಗೂ ನಡುವೆ ಒಂದೂವರೆ ಮಾರು ಜಾಗ ಉಳಿದಿತ್ತು. ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತಾ ಬಂದು ಹೆಜ್ಜೆ ಹಾಕಿ ಅಳೆದರು. ಇನ್ನೊಮ್ಮೆ ಅಳೆದರು. ಆಮೇಲೆ ಬಾನೆಟ್ಟಿನ ಮೇಲೆ ಕಾಗದವಿಟ್ಟು ಪಾಸು ಎಂದು ಬರೆದರು. ಹೆಚ್ಚು ಜನ ತುಂಬಿದ್ದಕ್ಕೆ ದಂಡವನ್ನೂ ಬರೆದರು. ಫೈಲು ತೆರೆದು ಏಕನಾಥನ ಲೈಸೆನ್ಸ್ ಅವನ ಕೈಗೆ ಕೊಟ್ಟು, ಠಾಣೆಯ ಬರಹ ತಿದ್ದಿಸಿಕೊಂಡು ಬನ್ನಿ, ಇಲ್ಲವಾದರೆ ಮತ್ತೆ ಕೇಳಬೇಕಾಗುತ್ತದೆ ಎಂದರು.

ಜನ ಹೋ ಎಂದು ಕೂಗಿ ಲಾಲ್ ಅಹ್ಮದನನ್ನು ಹೆಗಲ ಮೇಲೆ ಎತ್ತಿಕೊಂಡರು. ಒಳಗಿದ್ದ ರೈತರೂ ಉಳಿದವರೂ ಮಾತ್ರ ಇಳಿಯಲೊಲ್ಲರು, ಇದೇ ಗಾಡಿಯಲ್ಲಿ ರಾಜೇಶ್ವರದವರೆಗೆ ಹೋಗುತ್ತೇವೆಂದು ಹಟ ಹಿಡಿದರು. ಕೇಶರಬಾಯಿ ಬಾಗಿಲಿಗೆ ನಿಂತು ತಲೆ ಎಣಿಸಿ, ಆರರ ಮೇಲಿನವರನ್ನೆಲ್ಲ ತೋಳು ಹಿಡಿದು ಕೆಳಗೆಳೆದಳು.

ಏಕನಾಥ ಸ್ಟೇರಿಂಗ್ ಮೇಲೆ ಕೈಯಿಟ್ಟು ಕುಳಿತಿದ್ದ. ಅವಳು ಬಂದು ತನ್ನ ಸೀಟಿನಲ್ಲಿ ಕುಳಿತರೂ ಗಾಡಿ ಚಾಲೂ ಮಾಡಲಿಲ್ಲ.

"ಮದ್ಲ ಠಾಣಾಕ್ಕ ಹೋಗೂನ್ರಿ ವೈನಿ. ಸ್ಟ್ಯಾಂಡಿಗೆ ಆಮ್ಯಾಲ."

"ಹೌದು, ಠಾಣಾಕ್ಕೇ ಹೋಗೂದು," ಎಂದಳು ಅವಳು. "ನಾ ಬರೆಸಿದ್ದು ನಾನೇ ಹೊಡಿಸಿ ಹಾಕ್ತೀನಿ. ಜಮಾದಾರ ತಕರಾರ ತೆಗೆದ್ನಂದ್ರ ಅವಂಗೂ ಅದ ನೋಡು ಇವತ್ತ. ನಡಿ."

ಅವನು ಗುಂಡಿ ಒತ್ತಿದ. ಇಂಜಿನ್ನು ಒಂದೇ ಸಲಕ್ಕೆ ಎದ್ದಿತು.