ಗಮ್ಮಿನ ತಲೆನೋವು

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ಸೀಟು ಹೊಲಿಯುವ ಮುಜೀಬನಿಗೆ ಒಂದು ಜಂಬವಿತ್ತು: ಹಳೇ ಲಾರಿಯ ಇಂಜಿನ್ ಮೇಲೆ ತಾನು ಹೊಲಿದ ಮೆತ್ತೆ ಹಾಸಿದರೆ ಡ್ರೈವರು ಬರಿಗಾಲಲ್ಲೇ ಊಟಿ ಘಾಟಿ ಹತ್ತಬಹುದು. ತೆಂಗಿನ ನಾರು, ಮೇಲೆ ಕಂಬಳಿ, ಅದರ ಮೇಲೆ ರೆಕ್ಸಿನ್, ಅಂಚಿಗೆಲ್ಲ ಧಾರಾಳವಾಗಿ ಗಮ್ಮು. ಅಪ್ಪ ಕಲಿಸಿದ ಕಸುಬು. ಜಂಬ ಲಾರಿಗಳಲ್ಲೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ.

ಕುದೇರಿನ ಸೋಮೇಶ್ ಹಂಗಳದಾಚೆಯ ಒಂದು ಖಾಸಗಿ ಮೈದಾನದಿಂದ ಎರಡು ಸೀಟಿನ ಪುಟ್ಟ ವಿಮಾನ ಹಾರಿಸುತ್ತಿದ್ದ. ಮೇಲಿಂದ ಹೊಲಗಳ ಫೋಟೊ ತೆಗೆಯುವ ಕೆಲಸ. ಬಿರುಬೇಸಿಗೆಯಲ್ಲಿ ಅವನು ಮುಜೀಬನ ಅಂಗಡಿಗೆ ಬಂದ. ವಿಮಾನದ ಹೀಟರು ಆಫ್ ಮಾಡಿದರೂ ಆಫ್ ಆಗುತ್ತಿಲ್ಲ, ಇಂಜಿನ್ ಕಡೆಯ ತೂತಿನಿಂದ ಬಿಸಿಗಾಳಿ ಕಾಲಿಗೆ ಹೊಡೆಯುತ್ತದೆ, ಕಿಟಕಿ ತೆರೆದುಕೊಂಡೇ ಹಾರಬೇಕು, ಸದ್ದಿಗೆ ಕಿವಿ ಹರಿದುಹೋಗುತ್ತದೆ ಎಂದ. ಹೊಸ ಬಿಡಿಭಾಗ ಬರುವವರೆಗೆ ಹೇಗೋ ಸುಧಾರಿಸು ಎಂದರಂತೆ ಮೇಲಿನವರು. ಸುಧಾರಿಸು ಎನ್ನುವವರ ಕಾಲು ಯಾವತ್ತೂ ಸುಡುವುದಿಲ್ಲ.

ಮುಜೀಬ ಮೈದಾನಕ್ಕೆ ಹೋಗಿ, ಇಂಜಿನ್ನಿಗೂ ಕಾಲಿಗೂ ನಡುವಿನ ತಗಡಿಗೆ, ಆ ತೂತನ್ನೂ ಸೇರಿಸಿ, ಲಾರಿಗೆ ಹೊಲಿದ ಹಾಗೇ ಹೊಲಿದು ಮೆತ್ತೆ ಅಂಟಿಸಿದ. ಮಾರನೆಯ ದಿನ ಸೋಮೇಶ್ ಕಿಟಕಿ ಮುಚ್ಚಿಕೊಂಡು ಹಾರಿದ. ಇಳಿದವನು ಮುಜೀಬನ ಹೆಗಲಿಗೆ ಕೈಹಾಕಿ, ಒಳಗೆ ಮನೆಯಲ್ಲಿ ಕೂತ ಹಾಗಿದೆ ಎಂದು ನಕ್ಕ. ಮುಜೀಬ ಆ ಮಾತನ್ನು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದ.

ಸ್ವಲ್ಪ ದಿನಕ್ಕೆ ಸೋಮೇಶ್ ತಲೆನೋವೆಂದು ಬಂದ. ಮೇಲೆ ಹೋದಾಗ ಹಿಡಿಯುತ್ತದೆ, ಇಳಿದು ಗಾಳಿಗೆ ನಿಂತರೆ ಬಿಡುತ್ತದೆ. ಮುಜೀಬನಿಗೆ ನಗು ಬಂತು. ಅಂಗಡಿಗೆ ಕೂತಾಗಿನಿಂದ ಅವನ ತಲೆಯೂ ಹೀಗೇ ನೋಯುತ್ತದೆ. ಗಮ್ಮಿನ ಡಬ್ಬಿ ತೆರೆದರೆ ಶುರು, ರಸ್ತೆಗೆ ಬಂದರೆ ಮಾಯ.

“ಅದು ಗಮ್ಮಿನ ತಲೆನೋವು ಕಣ್ಲಾ,” ಎಂದ. “ಒಣಗೋವರ್ಗೂ ಎಂಟು ದಿನ ಇರ್ತದೆ, ಆಮೇಲೆ ಓಯ್ತದೆ. ತಲೆ ಕೆಡಿಸ್ಕೋಬೇಡ ಬುಡು.”

ಸೋಮೇಶ್ ಸಮಾಧಾನದಿಂದ ಟೀ ಕುಡಿದು ಹೋದ.

ಆಮೇಲೊಂದು ಬೆಳಿಗ್ಗೆ ವಿಮಾನ ತೆರಕಣಾಂಬಿ ಬಳಿಯ ಉತ್ತ ಹೊಲಕ್ಕೆ ಬಿತ್ತು. ಅದು ಒದ್ದಾಡಲಿಲ್ಲ, ಕೂತಲ್ಲೇ ತೂಕಡಿಸುವವರು ವಾಲಿದ ಹಾಗೆ ವಾಲಿತು ಎಂದರು ನೋಡಿದವರು. ಸೋಮೇಶ್ ಉಳಿಯಲಿಲ್ಲ. ಇಂಜಿನ್ನಿನ ಹೊಗೆಕೊಳವೆ ಸೀಳಿತ್ತು, ವಾಸನೆಯಿಲ್ಲದ ವಿಷಗಾಳಿ ಆ ಬಿಸಿಯ ಜೊತೆಗೇ ಒಳಗೆ ಬರುತ್ತಿತ್ತು ಎಂದರು ತನಿಖೆಯವರು. ಕಿಟಕಿ ತೆರೆದಿದ್ದಷ್ಟು ದಿನ ಹೊರಗೆ ಹೋಯಿತು, ಮುಚ್ಚಿದ ಮೇಲೆ ಒಳಗೇ ತುಂಬಿತು. ಮೆತ್ತೆ ಬಿಸಿಯನ್ನು ತಡೆಯಿತು, ವಿಷವನ್ನು ತಡೆಯಲಿಲ್ಲ. ತಪ್ಪು ಕೊಳವೆಯದು ಎಂದು ಮುಜೀಬನನ್ನು ಬಿಟ್ಟು ಕಳಿಸಿದರು. ಬಿಡದಿದ್ದರೇ ಅವನಿಗೆ ಹಗುರವಾಗುತ್ತಿತ್ತು.

ಒಂದು ದಿನ ಸೋಮೇಶನ ಹೆಂಡತಿ ಪ್ರಿಯಾಂಕ ಅಂಗಡಿಗೆ ಬಂದಳು. ಉಗಿಯಲಿ, ಶಾಪ ಹಾಕಲಿ ಎಂದು ಮುಜೀಬ ತಲೆತಗ್ಗಿಸಿ ನಿಂತ. ಅವಳು ಬೈಯಲಿಲ್ಲ.

“ಆಸ್ಪತ್ರೆಗೆ ಹೋಗನ ಅಂದಿದ್ದೆ ಕಣಣ್ಣ,” ಎಂದಳು. “ಅವ್ರೇ, ಗಮ್ಮಿಂದು ಎಂಟು ದಿನ ಅಂತ ಮುಜೀಬಣ್ಣ ಹೇಳವ್ರೆ, ಇನ್ನೊಂದೇ ದಿನ ತಡ್ಕೊಂಡ್ರೆ ಸರಿಯಾಯ್ತದೆ ಅಂದ್ರು. ನಾನೂ ಸುಮ್ನಾಗ್ಬುಟ್ಟೆ.”

ತಪ್ಪು ತನ್ನದೆಂದು ಅವಳು ಹೊತ್ತುಕೊಂಡುಬಿಟ್ಟಿದ್ದಳು. ಮುಜೀಬನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವಳು ಹೊಲಿಯದೆ ಬಿದ್ದಿದ್ದ ಸೀಟಿನ ಮೇಲೆ ಕೂತು, ಅದರ ನಾರನ್ನು ಕೀಳುತ್ತ, ತಾನು ಕೇಳಲು ಬಂದದ್ದನ್ನು ಕೇಳಿದಳು.

“ಕೊನೇಲಿ ನೋವಾಯ್ತದಾ ಅಣ್ಣ, ಇಲ್ಲ ನಿದ್ದೆ ಬಂದಂಗೆ ಇರ್ತದಾ? ಆ ತಲೆನೋವು ನಿಮಗೆ ಗೊತ್ತು ಅಂತಿದ್ರು ಅವ್ರು.”

“ನಂಗೊತ್ತಿಲ್ಲ ಕಣಮ್ಮ,” ಎಂದ ಮುಜೀಬ.

ಅವತ್ತು ಸೋಮೇಶನಿಗೆ ಹೇಳಬೇಕಿದ್ದದ್ದೂ ಇದೊಂದೇ ಮಾತು.