ನೀಲಕ್ಕನ ವಯಸ್ಸಿನ ಕಾವಲುಗಾರ

ನಾನು ಒಂದು ಡಿಜಿಟಲ್ ಗುರುತುಪತ್ರ. ಧಾರವಾಡದ ನೀಲಕ್ಕನ ಶಾಲೆಯ ದಾಖಲೆ ನೋಡಿ ಕಚೇರಿಯೊಂದು ನನ್ನನ್ನು ಹುಟ್ಟಿಸಿ ಅವರ ಫೋನಿಗೆ ಕಳಿಸಿತು. ನಾನು ಅಸಲಿ ಎಂದು ತೋರಿಸುವ ಕಚೇರಿಯ ಮುದ್ರೆಯ ಗುರುತು ಬ್ಲಾಕ್‌ಚೈನಿನಲ್ಲಿದೆ. ಅದು ಅನೇಕ ಕಂಪ್ಯೂಟರುಗಳು ಸೇರಿ ಕಾಯುವ ಕಡತ, ಯಾರೊಬ್ಬರೂ ತಿದ್ದಲಾಗದು. ನೀಲಕ್ಕ ಹುಟ್ಟಿದ ತಾರೀಖು ಮಾತ್ರ ನನ್ನ ಹೊಟ್ಟೆಯಲ್ಲೇ. ಇಷ್ಟು ವಯಸ್ಸು ತುಂಬಿದೆಯೇ ಎಂದು ಯಾರಾದರೂ ಕೇಳಿದರೆ ಹೌದು ಅಥವಾ ಇಲ್ಲ ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಬಾಯಿ ಬಿಡುವವನಲ್ಲ.

ನೀಲಕ್ಕನಿಗೆ ಬೇಕಾದದ್ದೂ ಅದೇ. ಗಂಡನಿಗಿಂತ ಅವರು ಎರಡು ವರ್ಷ ದೊಡ್ಡವರು. ಸಂಬಂಧ ತಪ್ಪೀತೆಂದು ಅವರವ್ವ ಮದುವೆಯ ಮಾತುಕತೆಯಲ್ಲಿ ಮಗಳು ಗಂಡಿಗಿಂತ ಎರಡು ವರ್ಷ ಚಿಕ್ಕವಳೆಂದು ಹೇಳಿ ನಾಲ್ಕು ವರ್ಷ ನುಂಗಿ ನೀರು ಕುಡಿದಿದ್ದರು. ಪಾಪ, ಅಂದಿನಿಂದ ನೀಲಕ್ಕ ಹುಟ್ಟುಹಬ್ಬವನ್ನೇ ಮಾಡಿಕೊಂಡವರಲ್ಲ.

ಗಂಡ ಚನ್ನಬಸಪ್ಪ ಒಂದು ದಿನ ಫೋನಿನಲ್ಲಿ ಹಿರಿಯರ ಚೌಕಾಬಾರ ಪಂದ್ಯ ಕಂಡರು. ಜೋಡಿಯಲ್ಲಿ ಒಬ್ಬರಿಗಾದರೂ ಅರವತ್ತು ತುಂಬಿರಬೇಕಂತೆ.

"ನನಗ ದೀಪಾವಳಿಗೆ ತುಂಬತೈತಿ. ಈ ವರ್ಷ ನಮ್ಮ ಹಣೇಬರದಾಗ ಇಲ್ಲ ಬಿಡು," ಎಂದು ಪೇಚಾಡಿದರು.

ಚೌಕಾಬಾರದಲ್ಲಿ ನೀಲಕ್ಕನನ್ನು ಸೋಲಿಸಿದವರು ಓಣಿಯಲ್ಲಿಲ್ಲ. ಅವರ ಕೈ ತುರಿಸಿತು. "ಸುಮ್ನ ಒಮ್ಮೆ ಒತ್ತಿ ನೋಡೂಣ್ರಿ," ಎಂದು ಗಂಡನ ಗುರುತುಪತ್ರವನ್ನೂ ನನ್ನನ್ನೂ ಜೋಡಿಯಾಗಿ ಕಳಿಸಿದರು. ಇಬ್ಬರಲ್ಲಿ ಒಬ್ಬರಿಗೆ ಅರವತ್ತು ತುಂಬಿದೆ ಎಂದಷ್ಟೇ ನಾವು ಹೇಳಿದೆವು. ಯಾರಿಗೆ ಎಂದು ಹೇಳಲಿಲ್ಲ. ಪಂದ್ಯದವರು ಒಪ್ಪಿದರು. ನೀಲಕ್ಕ ಹಿಗ್ಗಿನಿಂದ ಗಂಡನಿಗೆ ಪರದೆ ತೋರಿಸಿದರು.

ಚನ್ನಬಸಪ್ಪ ಕನ್ನಡಕ ಏರಿಸಿ ಓದಿದರು. "ನನಗಂತೂ ತುಂಬಿಲ್ಲ..." ಎಂದು ಅಲ್ಲಿಗೇ ನಿಲ್ಲಿಸಿದರು.

ಲೋಕಕ್ಕೆಲ್ಲ ಮುಚ್ಚಿದ ಗುಟ್ಟು, ಸ್ವಂತ ವಯಸ್ಸು ಗೊತ್ತಿರುವ ಗಂಡನೆದುರು ನಿಲ್ಲದೆಂದು ನೀಲಕ್ಕನಿಗೆ ಹೊಳೆದೇ ಇರಲಿಲ್ಲ. ನನಗಾದರೂ ಹೊಳೆಯಬೇಕಿತ್ತು. ಇಷ್ಟು ವರ್ಷದ ಸಂಸಾರ ಎಲ್ಲಿ ಕೆಡುತ್ತದೋ ಎಂದು ನನಗೂ ಭಯವಾಯಿತು.

"ಅವ್ವ ಹೇಳಿದ್ದು ಸುಳ್ಳರೀ. ನಾ ನಿಮಗಿಂತ ದೊಡ್ಡಾಕಿ," ಎಂದರು ನೀಲಕ್ಕ, ತಲೆ ತಗ್ಗಿಸಿ.

ಚನ್ನಬಸಪ್ಪ ಎದ್ದುಹೋಗಿ ಚೌಕಾಬಾರದ ಹಲಗೆ ತಂದರು. ಕವಡೆಗಳನ್ನು ಹೆಂಡತಿಯ ಮುಂದಿಟ್ಟರು.

"ಹಿರೇರು ನೀವು. ಮೊದಲ ನೀವ ಹಾಕ್ರಿ."

ನೀಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಮದುವೆಯಾದ ಮೇಲೆ ಮೊದಲ ಸಲ ಗಂಡನನ್ನು ಏಕವಚನದಲ್ಲಿ ಕರೆದರು: "ಹಂಗಾರ ಸುಮ್ಮನ ಕೂಡೊ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಪಂದ್ಯದಲ್ಲಿ ಎರಡನೇ ಸುತ್ತಿಗೇ ಸೋತರು, ಆ ಮಾತು ಬಿಡಿ. ಈಗ ನಾನು ಹಳೆಯ ಫೋನಿನೊಳಗೆ, ಕಪಾಟಿನ ಮೂಲೆಯಲ್ಲಿದ್ದೇನೆ. ಮನೆಗೆ ಬಂದವರಿಗೆಲ್ಲ, ಅವರು ಕೇಳದಿದ್ದರೂ, ನೀಲಕ್ಕ ತಮ್ಮ ವಯಸ್ಸು ಹೇಳಿ, "ನಮ್ಮನ್ಯಾಗ ನಾನ ಹಿರೇಕಿ," ಎನ್ನುತ್ತಾರೆ. ಕಾಯಲು ಗುಟ್ಟೇ ಇಲ್ಲದ ಕಾವಲುಗಾರ ನಾನು. ಹೊಟ್ಟೆ ಹಗುರಾಗಿ ಹಾಯಾಗಿದ್ದೇನೆ.